ಕೊನೆಯ ಗಾಡಿಯಿಂದ ಹಿಂದಕ್ಕೆ: ಆಲ್ಪ್ಸ್ ಬೆಟ್ಟದಲ್ಲಿ ಒಂದು ದಿನದ ಪ್ರವಾಸ



ಆಲ್ಪ್ಸ್ ಎಂದೊಡನೆ ಹಿಂದಿ ಚಲನಚಿತ್ರಗಳ ಹಾಡುಗಳಲ್ಲಿ ಕಂಡ ಹಸಿರು ಇಳಿಜಾರುಗಳೂ ಅವುಗಳ ಹಿಂದಿನ ಹಿಮಶಿಖರಗಳೂ ನಿಮ್ಮ ಕಣ್ಣಮುಂದೆ ಬರುತ್ತವೆ. ಆದರೆ ಹಾಡು ಮುಗಿದ ಮೇಲೆ ನಾಯಕ ನಾಯಕಿಯರು ಅಲ್ಲಿಂದ ಕೆಳಗಿಳಿದು ಹೇಗೆ ಬಂದರು ಎಂಬುದನ್ನು ಯಾರೂ ತೋರಿಸುವುದಿಲ್ಲ. ಇಂದಿನ ನನ್ನ ಮಾತು ಅದರ ಬಗ್ಗೆಯೇ. ಕಾರಿಲ್ಲದೆ, ರೈಲು ಮತ್ತು ರೋಪ್‌ವೇಗಳನ್ನಷ್ಟೇ ನಂಬಿ ಬೆಳಿಗ್ಗೆ ಹೊರಟು ಬೆಟ್ಟ ನೋಡಿ ರಾತ್ರಿಯೊಳಗೆ ಹಿಂತಿರುಗುವುದಕ್ಕೆ ಲೆಕ್ಕ ಹಾಕುವುದು ಹೇಗೆ? ಮುಂದೆ ಓದಿಗೋ ಕೆಲಸಕ್ಕೋ ಯುರೋಪಿಗೆ ಹೋಗುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು. ಹೋಗದವರಿಗೂ, ಒಂದು ದೇಶ ತನ್ನ ಗಾಡಿಗಳನ್ನು ಒಂದಕ್ಕೊಂದು ಹೇಗೆ ಹೊಂದಿಸಿದೆ ಎಂಬುದು ತಿಳಿಯಬೇಕಾದ ವಿಷಯವೇ.

ಸ್ವಿಟ್ಜರ್ಲೆಂಡಿನ ರಾಜಧಾನಿ ಬರ್ನ್ ನಗರವನ್ನು ನಮ್ಮ ಪ್ರವಾಸದ ಆರಂಭವಾಗಿ ಇಟ್ಟುಕೊಳ್ಳೋಣ. 1982ರ ಮೇ 23ರಂದು ಆ ದೇಶದಲ್ಲಿ ಹೊಸ ಬಗೆಯ ವೇಳಾಪಟ್ಟಿಯೊಂದು ಜಾರಿಗೆ ಬಂತು. ಗಾಡಿ ಬೆಳಿಗ್ಗೆ 7 ಗಂಟೆ 4 ನಿಮಿಷಕ್ಕೆ ಹೊರಟರೆ, 8ಕ್ಕೂ 9ಕ್ಕೂ ಅದೇ 4ನೇ ನಿಮಿಷಕ್ಕೆ ಇನ್ನೊಂದು ಹೊರಡಬೇಕು, ದಿನವಿಡೀ ಹೀಗೆಯೇ. ಮುಂದೆ 1987ರಲ್ಲಿ ಜನರೇ ಮತ ಹಾಕಿ 'ರೈಲು 2000' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟರು. ಅದರ ಮೊದಲ ಹಂತ ಪೂರ್ಣವಾಗಿ ಜಾರಿಗೆ ಬಂದದ್ದು 2004ರ ಡಿಸೆಂಬರಿನಲ್ಲಿ.

ಇದರ ಹಿಂದಿನ ಗಣಿತ ಸರಳ. ಬರ್ನ್, ಜೂರಿಚ್‌ಗಳಂಥ ದೊಡ್ಡ ನಿಲ್ದಾಣಗಳಿಗೆ ನಾಲ್ಕು ದಿಕ್ಕಿನ ಮುಖ್ಯ ಗಾಡಿಗಳು ಗಂಟೆ ಹೊಡೆಯುವ ಸ್ವಲ್ಪ ಮೊದಲು ಬಂದು ಸೇರುತ್ತವೆ. ಗಂಟೆ ಹೊಡೆದ ಕೆಲವೇ ನಿಮಿಷಗಳಲ್ಲಿ ಹೊರಡುತ್ತವೆ. ನಡುವಿನ ಆ ನಿಮಿಷಗಳಲ್ಲಿ ಪ್ರಯಾಣಿಕ ಪ್ಲಾಟ್‌ಫಾರ್ಮ್ ದಾಟಿ ಇನ್ನೊಂದು ಗಾಡಿ ಹಿಡಿಯಬಹುದು. ಇದು ಸಾಧ್ಯವಾಗಬೇಕಾದರೆ ಎರಡು ದೊಡ್ಡ ನಿಲ್ದಾಣಗಳ ನಡುವಿನ ಪ್ರಯಾಣ ಒಂದು ಗಂಟೆಗಿಂತ ತುಸು ಕಡಿಮೆ ಇರಬೇಕು. ಬರ್ನ್ ಮತ್ತು ಜೂರಿಚ್ ನಡುವೆ ಅದನ್ನು 56 ನಿಮಿಷಕ್ಕೆ ಇಳಿಸುವುದಕ್ಕಾಗಿಯೇ ಮಾಟ್‌ಸ್ಟೆಟೆನ್ ಮತ್ತು ರೋಟ್‌ರಿಸ್ಟ್ ಊರುಗಳ ನಡುವೆ 45 ಕಿಲೋಮೀಟರ್ ಹೊಸ ಹಳಿ ಹಾಕಿದರು. ಗಾಡಿ ಎಷ್ಟು ವೇಗವಾಗಿ ಓಡಬಲ್ಲದು ಎಂಬುದಕ್ಕಿಂತ, ಹೊಂದಾಣಿಕೆಗೆ ಎಷ್ಟು ವೇಗ ಬೇಕು ಎಂಬುದನ್ನು ಎಂಜಿನಿಯರುಗಳು ಮೊದಲು ಕೇಳಿಕೊಂಡರು.

ಈ ಶಿಸ್ತಿಗೆ ಅಲ್ಲಿನ ನಿಲ್ದಾಣದ ಗಡಿಯಾರವೂ ಒಂದು ನಿದರ್ಶನ. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ರೂಪಿಸಿದ ಈ ಗಡಿಯಾರಕ್ಕೆ ಆಮೇಲೆ ಕೆಂಪು ಸೆಕೆಂಡಿನ ಮುಳ್ಳು ಸೇರಿತು. ಆ ಮುಳ್ಳು ಸುಮಾರು 58 ಸೆಕೆಂಡುಗಳಲ್ಲೇ ಸುತ್ತು ಮುಗಿಸಿ, 12ರ ಬಳಿ ಕ್ಷಣಕಾಲ ನಿಂತು, ಮುಖ್ಯ ಗಡಿಯಾರದ ಸಂಕೇತ ಬಂದ ಮೇಲೆ ಮತ್ತೆ ಹೊರಡುತ್ತದೆ. ಹೀಗಾಗಿ ಎಲ್ಲ ನಿಲ್ದಾಣಗಳ ಗಡಿಯಾರಗಳಲ್ಲೂ ಒಂದೇ ಸಮಯ.

ಇನ್ನು ಪ್ರವಾಸಕ್ಕೆ ಬರೋಣ. ಬರ್ನ್‌ನಿಂದ ಒಂದು ಗಂಟೆಯೊಳಗೆ ಇಂಟರ್ಲಾಕೆನ್ ಓಸ್ಟ್ ನಿಲ್ದಾಣ. ಅಲ್ಲಿಂದ ಮುಂದಿನ ಗಾಡಿ ಹತ್ತುವಾಗ ಎಚ್ಚರವಿರಲಿ. ಈ ಗಾಡಿ ಸ್ವೈಲ್ಯೂಚಿನೆನ್ ಎಂಬಲ್ಲಿ ಎರಡು ಭಾಗವಾಗಿ, ಒಂದು ಲೌಟರ್‌ಬ್ರುನ್ನೆನ್ ಕಣಿವೆಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್ ಕಣಿವೆಗೂ ಹೋಗುತ್ತದೆ. ಬೋಗಿಯ ಮೇಲಿನ ಹೆಸರು ಓದದೆ ಕುಳಿತರೆ ಬೇರೆ ಕಣಿವೆಯಲ್ಲಿ ಇಳಿಯಬೇಕಾದೀತು! ನಾವು ಲೌಟರ್‌ಬ್ರುನ್ನೆನ್ ಭಾಗದಲ್ಲಿ ಕೂರೋಣ. ಅಲ್ಲಿಂದ ಹಲ್ಲಿನ ಹಳಿಯ ರೈಲು ನಮ್ಮನ್ನು ವೆಂಗೆನ್ ಗ್ರಾಮಕ್ಕೆ ಏರಿಸುತ್ತದೆ. ಕಾರುಗಳಿಗೆ ದಾರಿಯೇ ಇಲ್ಲದ ಊರು ಅದು. ವೆಂಗೆನ್‌ನಿಂದ ರೋಪ್‌ವೇ ಹಿಡಿದು, 2200 ಮೀಟರಿಗೂ ಎತ್ತರದ ಮೆನ್‌ಲಿಷೆನ್‌ಗೆ.

ಹಲ್ಲಿನ ಹಳಿ ನಮಗೆ ತೀರ ಅಪರಿಚಿತವಲ್ಲ. ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಪಟ್ಟಿ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುತ್ತದೆ. ಯುರೋಪಿನಲ್ಲಿ ಇಂಥ ಮೊದಲ ಬೆಟ್ಟದ ರೈಲು 1871ರಲ್ಲಿ ಸ್ವಿಟ್ಜರ್ಲೆಂಡಿನ ರಿಗಿ ಪರ್ವತಕ್ಕೆ ಓಡಿತು. ಅದನ್ನು ರೂಪಿಸಿದವರು ನಿಕ್ಲಾಸ್ ರಿಗೆನ್‌ಬಾಖ್. ಅವರ ಬಳಿ ಕೆಲಸ ಮಾಡಿದ್ದ ರೋಮನ್ ಆಪ್ಟ್ ಮುಂದೆ ಸುಧಾರಿಸಿದ ಪದ್ಧತಿಯೇ ನಮ್ಮ ನೀಲಗಿರಿಯ ಮೆಟ್ಟುಪಾಳ್ಯಂ–ಕೂನೂರು ಮಾರ್ಗದಲ್ಲಿರುವುದು. ಆ ಮಾರ್ಗದ ಹೆಸರಾಂತ ಉಗಿ ಎಂಜಿನ್ನುಗಳಲ್ಲಿ ಹಳೆಯವು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ಕಾರ್ಖಾನೆಯಲ್ಲಿ ತಯಾರಾದವು.

ಮೆನ್‌ಲಿಷೆನ್‌ನಿಂದ ಕ್ಲೈನೆ ಶೈಡೆಗ್ ನಿಲ್ದಾಣಕ್ಕೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಕಾಲುದಾರಿ. ಬಹುಪಾಲು ನಿಧಾನದ ಇಳಿಜಾರು. ಎದುರಿಗೆ 3967 ಮೀಟರ್ ಎತ್ತರದ ಐಗರ್, ಅದರ ಪಕ್ಕ ಮೋಂಖ್, ಆಚೆಗೆ ಯುಂಗ್‌ಫ್ರಾವ್. ಕ್ಲೈನೆ ಶೈಡೆಗ್ ಇರುವುದು 2061 ಮೀಟರಿನಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ತುಸು ಮೇಲೆ. ಅಲ್ಲಿಂದ ಹಲ್ಲಿನ ಹಳಿಯ ರೈಲಿನಲ್ಲೇ ಆಚೆ ಬದಿಯ ಗ್ರಿಂಡೆಲ್‌ವಾಲ್ಡ್‌ಗೆ ಇಳಿದು, ಇಂಟರ್ಲಾಕೆನ್ ಮೂಲಕ ಬರ್ನ್ ಸೇರಬಹುದು. ಒಂದು ಕಣಿವೆಯಲ್ಲಿ ಹತ್ತಿ ಇನ್ನೊಂದು ಕಣಿವೆಯಲ್ಲಿ ಇಳಿದೆವು ಎಂಬುದನ್ನು ಗಮನಿಸಿ. ಕಾರಿನಲ್ಲಿ ಬಂದವನು ಕಾರು ನಿಲ್ಲಿಸಿದ ಜಾಗಕ್ಕೇ ಹಿಂತಿರುಗಬೇಕು. ಟಿಕೆಟ್ ಹಿಡಿದು ಬಂದವನಿಗೆ ಆ ಬಂಧನವಿಲ್ಲ.

ಈಗ ಲೆಕ್ಕ. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು ಎಂಬುದರಿಂದ ಅನೇಕರು ಶುರುಮಾಡುತ್ತಾರೆ. ದೂರದರ್ಶನದಲ್ಲಿ ನಾವು ತಿರುಗಾಮುರುಗಾ ಮಾಡುತ್ತೇವೆ. ಕಾರ್ಯಕ್ರಮ ಮುಗಿಯಲೇಬೇಕಾದ ಕ್ಷಣವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಒಂದೊಂದೇ ಭಾಗದ ನಿಮಿಷಗಳನ್ನು ಕಳೆಯುತ್ತ ಬರುತ್ತೇವೆ. ಬೆಟ್ಟದ ಪ್ರವಾಸಕ್ಕೂ ಇದೇ ಸರಿಯಾದ ಕ್ರಮ. ಹಗಲಿನಲ್ಲಿ ಗಾಡಿ ತಪ್ಪಿದರೆ ಅರ್ಧ ಗಂಟೆಯೋ ಒಂದು ಗಂಟೆಯೋ ಕಾಯಬೇಕಾಗುತ್ತದೆ. ಕೊನೆಯ ಗಾಡಿ ತಪ್ಪಿದರೆ ಇಡೀ ರಾತ್ರಿ! ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ದಾಟಿದ ಮೇಲೆ; ಬೆಟ್ಟದ ಗಾಡಿಗಳಾದರೋ ಅದಕ್ಕಿಂತ ಬಹಳ ಮೊದಲೇ ನಿಲ್ಲುತ್ತವೆ, ರೋಪ್‌ವೇಗಳು ಇನ್ನೂ ಮುಂಚೆ. ಇನ್ನೂ ಬೆಳಕಿದೆಯಲ್ಲ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಲೆಕ್ಕಕ್ಕಾಗಿ, ಕ್ಲೈನೆ ಶೈಡೆಗ್‌ನಿಂದ ಕೊನೆಯ ಗಾಡಿ ಸಂಜೆ 6-30ಕ್ಕೆ ಎಂದಿಟ್ಟುಕೊಳ್ಳಿ. ಅದನ್ನು ಮುಟ್ಟಬೇಡಿ, ಆಪತ್ತಿಗೆ ಮೀಸಲಿಡಿ. ನಮ್ಮ ಗುರಿ 5-30ರ ಗಾಡಿ. ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು: 5-00. ದಾರಿಯ ಹಳದಿ ಫಲಕಗಳು ಎಷ್ಟು ಹೊತ್ತಿನ ನಡಿಗೆ ಎಂಬುದನ್ನು ತೋರಿಸುತ್ತವೆ. ಇಲ್ಲಿ ಸುಮಾರು ಒಂದೂವರೆ ಗಂಟೆ. ಆದರೆ ಅದರಲ್ಲಿ ವಿಶ್ರಾಂತಿ ಸೇರಿಲ್ಲ. ಹೊಸಬರು ಅರ್ಧದಷ್ಟು ಕೂಡಿಸಿ ಎರಡೂಕಾಲು ಗಂಟೆ ಎನ್ನಿ: 2-45. ಊಟಕ್ಕೆ ಒಂದು ಗಂಟೆ: 1-45. ಬರ್ನ್‌ನಿಂದ ಮೇಲೆ ತಲುಪುವುದಕ್ಕೆ, ಬದಲಾವಣೆಗಳೂ ಸೇರಿ, ಧಾರಾಳವಾಗಿ ಮೂರು ಗಂಟೆ: 10-45. ಇದಕ್ಕಿಂತ ತಡವಾದರೆ ಹೊರಡಬಾರದು ಎಂಬ ಗಡಿ ಇದು. ಆದರೆ ಬೇಸಗೆಯಲ್ಲಿ ಆಲ್ಪ್ಸ್‌ನ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಬರುವುದು. ಆದ್ದರಿಂದ 8 ಗಂಟೆಗೇ ಹೊರಡೋಣ. ಗಡಿಗೂ ಹೊರಟ ಸಮಯಕ್ಕೂ ನಡುವೆ ಇರುವ ಎರಡೂಮುಕ್ಕಾಲು ಗಂಟೆಯೇ ನಮ್ಮ ರಕ್ಷಣೆ.

ಹವೆಯ ಲೆಕ್ಕವೂ ಇದೆ. ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆಂದು ನೀವು ಓದಿದ್ದೀರಿ. ಬರ್ನ್‌ಗೂ ಮೆನ್‌ಲಿಷೆನ್‌ಗೂ ಸುಮಾರು 1700 ಮೀಟರ್ ವ್ಯತ್ಯಾಸ. ಕೆಳಗೆ 25 ಡಿಗ್ರಿ ಇದ್ದರೆ ಮೇಲೆ ಸುಮಾರು 14; ಗಾಳಿ ಬೀಸಿದರೆ ಮೈಗೆ ಇನ್ನೂ ಚಳಿ. ಸ್ವೆಟರು, ಮಳೆ ಅಂಗಿ, ಹಿಡಿತವಿರುವ ಬೂಟು, ನೀರು, ತಿಂಡಿ ಜೊತೆಗಿರಲಿ. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆ. ಆಗ ವೆಂಗೆನ್‌ನಿಂದ ರೈಲಿನಲ್ಲೇ ನೇರವಾಗಿ ಕ್ಲೈನೆ ಶೈಡೆಗ್‌ಗೆ ಹೋಗಬಹುದು. ಈ ಎರಡನೆಯ ದಾರಿಯನ್ನು ಮನೆಯಲ್ಲೇ ಗೊತ್ತುಮಾಡಿಕೊಂಡಿರಬೇಕು.

ಹೊರಡುವ ಹಿಂದಿನ ಸಂಜೆ ಮೂರು ವಿಷಯ ಪರೀಕ್ಷಿಸಿ: ಹವಾಮಾನ ಮುನ್ಸೂಚನೆ, ರೋಪ್‌ವೇ ಮತ್ತು ಕಾಲುದಾರಿ ತೆರೆದಿವೆಯೇ ಎಂಬುದು, ಕೊನೆಯ ಗಾಡಿಯ ಸಮಯ. ಚಳಿಗಾಲಕ್ಕೂ ಬೇಸಗೆಗೂ ನಡುವೆ ದುರಸ್ತಿಗಾಗಿ ಹಲವು ರೋಪ್‌ವೇಗಳು ವಾರಗಟ್ಟಲೆ ಮುಚ್ಚಿರುತ್ತವೆ. ದೇಶದ ವೇಳಾಪಟ್ಟಿಯೂ ಪ್ರತಿ ಡಿಸೆಂಬರಿನಲ್ಲಿ ಬದಲಾಗುತ್ತದೆ; ಕಳೆದ ವರ್ಷ ಹೋಗಿಬಂದ ಗೆಳೆಯನ ಮಾತು ಸಾಲದು. ಈ ಮಾಹಿತಿಯೆಲ್ಲ ಈಗ ಮೊಬೈಲಿನಲ್ಲೇ ದೊರೆಯುತ್ತದೆ. ಆದರೆ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುವುದರಿಂದ ಸಮಯಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಆಪತ್ತಿನ ಸಂಖ್ಯೆಗಳು 112 ಮತ್ತು ವಿಮಾನ ರಕ್ಷಣಾ ದಳದ 1414. ಅವೂ ಆ ಚೀಟಿಯಲ್ಲಿರಲಿ.

ಕಾಲುದಾರಿಯ ಗುರುತುಗಳನ್ನೂ ತಿಳಿದಿರಿ. ಬರಿಯ ಹಳದಿ ಗುರುತಿದ್ದರೆ ಸಾಮಾನ್ಯ ನಡಿಗೆಯ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ. ಹೆಜ್ಜೆ ಗಟ್ಟಿಯಿರಬೇಕು, ತಲೆ ತಿರುಗಬಾರದು. ಬಿಳಿ-ನೀಲಿ-ಬಿಳಿ ಪಟ್ಟೆ ಕಂಡರೆ ಅದು ಪರ್ವತಾರೋಹಣದ ಅನುಭವ ಇದ್ದವರಿಗೆ ಮಾತ್ರ, ನಾವು ಹಿಂತಿರುಗೋಣ.

ಮಿತ್ರರೇ, ಇಷ್ಟೆಲ್ಲ ಲೆಕ್ಕ ಹಾಕಿದರೆ ಪ್ರವಾಸದ ಸಂತೋಷ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ಲೆಕ್ಕ ಮನೆಯಲ್ಲಿ ಮುಗಿದಿದ್ದರೆ ಬೆಟ್ಟದ ಮೇಲೆ ಗಡಿಯಾರವನ್ನು ಮತ್ತೆ ಮತ್ತೆ ನೋಡಬೇಕಾಗಿಲ್ಲ. ಹುಲ್ಲಿನ ಮೇಲೆ ಕುಳಿತು, ಹಸುಗಳ ಕೊರಳ ಗಂಟೆ ಕೇಳುತ್ತ ಐಗರ್ ಶಿಖರವನ್ನು ಕಣ್ತುಂಬ ನೋಡಬಹುದು. ನೀವು ಯಾವ ಬೆಟ್ಟಕ್ಕೆ ಹೊರಟರೂ, ಹೇಗೆ ಹೋಗುವುದು ಎಂದು ಕೇಳುವ ಮೊದಲು, ಕೊನೆಯ ಗಾಡಿ ಎಷ್ಟಕ್ಕೆ ಎಂದು ಕೇಳಿಕೊಳ್ಳಿ.