ಮಲೆನಾಡಿನ ಕಾನಿಗೆ ಬೀಳುವ ಬೆಂಕಿ

ಕಾಡ್ಗಿಚ್ಚು ಎಂದೊಡನೆ ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಮರದ ತಲೆಯಿಂದ ತಲೆಗೆ ಹಾರುವ ಜ್ವಾಲೆ ಕಣ್ಣಿಗೆ ಕಟ್ಟುತ್ತದೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಬೆಂಕಿಗೆ ಸಾಮಾನ್ಯವಾಗಿ ಅಂಥ ಆರ್ಭಟವಿಲ್ಲ. ಅದು ದರಕನ್ನು, ಎಂದರೆ ನೆಲದ ಮೇಲಿನ ಒಣ ತರಗೆಲೆಯನ್ನು, ಹಿಡಿದು ಮೊಣಕಾಲೆತ್ತರದಲ್ಲಿ ತೆವಳಿಕೊಂಡು ಹೋಗಿ, ಎಲ್ಲಿಯೋ ಹೊಗೆಯಾಡಿ ಆರುತ್ತದೆ. ಮುಂಗಾರು ಹಿಡಿದ ಮೇಲೆ ಎಲ್ಲವೂ ಹಸುರು. ಬಸ್ಸಿನ ಕಿಟಕಿಯಿಂದ ನೋಡುವ ನಿಮಗೆ ಕಾಡಿಗೆ ಏನೂ ಆಗಿಲ್ಲವೆಂದೇ ತೋರೀತು. ನಿಂತ ಮರಗಳು ಉಳಿದವು ನಿಜ. ಆದರೆ ಅವುಗಳ ಬುಡದ ಮರಿಗಿಡಗಳು ಹೋದವು.

ಇದರಿಂದ ಆಗುವ ನಷ್ಟವನ್ನು ಹಲಸಿನ ಬೀಜದಿಂದಲೇ ತಿಳಿಯಬಹುದು. ಭತ್ತವನ್ನು ಒಣಗಿಸಿ ಕಣಜದಲ್ಲಿಟ್ಟರೆ ಮುಂದಿನ ವರ್ಷ ಮೊಳೆಯುತ್ತದೆ. ಹಲಸಿನ ಬೀಜ ಒಣಗಿತೋ, ಕೆಟ್ಟಿತು. ಕಾನಿನ, ಎಂದರೆ ನಿತ್ಯಹಸುರಿನ ಕಾಡಿನ, ಎಷ್ಟೋ ಮರಗಳ ಬೀಜ ಈ ಬಗೆಯದು. ಸಾಲುಧೂಪದ ಬೀಜ ಮಳೆಗಾಲದ ಮೊದಲಿಗೆ ಉದುರಿ ಕೂಡಲೇ ಮೊಳೆಯಬೇಕು. ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುವ ಬೀಜದ ದಾಸ್ತಾನು ಇಂಥ ಮರಗಳಿಗಿಲ್ಲ. ನೆರಳಿನಲ್ಲಿ ಗೇಣುದ್ದ, ಮೊಳದುದ್ದ ನಿಂತು, ಮೇಲಿನ ಮುದಿ ಮರ ಬಿದ್ದು ಬೆಳಕಾಗಲೆಂದು ಕಾಯುವ ಸಸಿಗಳೇ ಅವುಗಳ ಸಂಗ್ರಹ. ಒಂದು ಮಧ್ಯಾಹ್ನದ ಬೆಂಕಿಗೆ ಅದು ಬರಿದಾಗುತ್ತದೆ.

ಇನ್ನು ದೊಡ್ಡ ಮರದ ಮಾತು. ತೊಗಟೆಯ ಒಳಗಿನ ಜೀವಪದರಕ್ಕೆ ಸುಮಾರು 60 ಡಿಗ್ರಿ ಶಾಖ ತಟ್ಟಿದರೆ ಅದು ಸಾಯುತ್ತದೆ. ಮತ್ತಿ, ಕೌಲು ಮೊದಲಾದ ಎಲೆಯುದುರುವ ಮರಗಳಿಗೆ ಕಂಬಳಿ ಹೊದ್ದಂತೆ ದಪ್ಪ ತೊಗಟೆಯಿದೆ. ಸುಟ್ಟರೂ ಬುಡದಿಂದ ಚಿಗುರುತ್ತವೆ. ಕಾನಿನ ಮರಗಳದು ಬಹುಮಟ್ಟಿಗೆ ತೆಳು ತೊಗಟೆ. ಹೀಗೆ ಬೆಂಕಿ ಮತ್ತೆ ಮತ್ತೆ ಬಿದ್ದಲ್ಲಿ ಕಾನಿನ ಅಂಚು ಹಿಂದೆ ಸರಿಯುತ್ತದೆ. ಬಿಸಿಲು ಬಿದ್ದ ಜಾಗಕ್ಕೆ ಹುಲ್ಲೂ ಯುಪಟೋರಿಯಂ ಗಿಡವೂ ನುಗ್ಗುತ್ತವೆ. ಅವು ಬೇಸಿಗೆಯಲ್ಲಿ ಒಣಗಿ, ಮುಂದಿನ ಬೆಂಕಿಗೆ ಸೌದೆಯಾಗುತ್ತವೆ. ಬೇಗ ಕೊಳೆಯದ ಎಲೆಯ ಅಕೇಶಿಯಾ ತೋಪು ಪಕ್ಕದಲ್ಲಿದ್ದರಂತೂ ಕೇಳುವುದೇ ಬೇಡ.

ಇಷ್ಟು ಕಾಲ ಕಾನನ್ನು ಕಾದದ್ದು ಅದರ ತೇವ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಬೇಸಿಗೆಯಲ್ಲಿ ದರಕನ್ನು ಒದ್ದೆಯಾಗಿಡುವುದು ಮರಗಳ ನೆರಳು, ರಾತ್ರಿಯ ಇಬ್ಬನಿ, ನಡುವೆ ಬರುವ ಒಂದೆರಡು ಅಡ್ಡಮಳೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ಶಾಖ ಸುಮಾರು 1.1 ಡಿಗ್ರಿ ಏರಿತ್ತು. ಬಿಸಿ ಗಾಳಿ ಹೆಚ್ಚು ನೀರು ಹೀರುತ್ತದೆ. ಅದೇ ದರಕು ಬೇಗ ಒಣಗುತ್ತದೆ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಸಾಮಾನ್ಯ ವರ್ಷದಲ್ಲಿ ಕಾನಿನ ಅಂಚಿಗೆ ಬಂದು ಆರುವ ಬೆಂಕಿ ಇಂಥ ಬರಗಾಲದ ಬೇಸಿಗೆಯಲ್ಲಿ ಒಳಗೆ ಹೊಗಬಲ್ಲದು.

ಬಿದಿರು ತಿಕ್ಕಿ ಕಿಡಿ ಹುಟ್ಟುತ್ತದೆಂದು ಹೇಳುವುದುಂಟು. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಹೊಸ ಹುಲ್ಲು ಬರಲೆಂದು ಬ್ಯಾಣಕ್ಕೆ ಇಟ್ಟ ಬೆಂಕಿ, ಆರಿಸದೆ ಎಸೆದ ಬೀಡಿ, ಜೇನು ಕೀಳುವವರ ಸೂಡಿ, ಕೆಲವೊಮ್ಮೆ ಹಗೆತನ, ಇವೇ ಹೆಚ್ಚು. ಸೊಪ್ಪಿನಬೆಟ್ಟದ ದರಕು ಗುಡಿಸುವ ಅಡಕೆ ಬೆಳೆಗಾರರನ್ನು ಕಾಡು ಬಲ್ಲವರು ದೂರುತ್ತಾರೆ. ಎಲ್ಲವನ್ನೂ ಗುಡಿಸಿದರೆ ಮಣ್ಣು ಬಡವಾಗುವುದೂ ಸರಿಯೇ. ಆದರೂ ದರಕು ತೆಗೆದ ಬೆಟ್ಟ ಬೆಂಕಿಗೆ ತಡೆಯೂ ಹೌದೆಂಬುದನ್ನು ಮರೆಯಬಾರದು.

ಪೇಟೆಯಲ್ಲಿರುವ ನಿಮಗೂ ಇದರಲ್ಲಿ ಪಾಲುಂಟು. ನಿಮ್ಮ ಜಾಡಿಯ ಅಪ್ಪೆಮಿಡಿ ಹೆಚ್ಚಾಗಿ ಹೊಳೆಹಳ್ಳಗಳ ದಂಡೆಯ ಕಾಡುಮರದ್ದು. ಸಾರಿನ ಮುರುಗಲು, ಉಪ್ಪಾಗೆಗಳೂ ಕಾಡಿನವೇ. ದಂಡೆಯ ತನಕ ಬೆಂಕಿ ಇಳಿದರೆ ಹಳೆಯ ಅಪ್ಪೆಮರ ಉಳಿದು ಇನ್ನಷ್ಟು ವರ್ಷ ಕಾಯಿ ಕೊಟ್ಟೀತು. ಅದರ ಜಾಗಕ್ಕೆ ಬರುವ ಗಿಡ ಇರುವುದಿಲ್ಲ. ಆದುದರಿಂದ ಬೆಂಕಿರೇಖೆಯನ್ನು ರಸ್ತೆಯ ಬದಿಗೆ ಮಾತ್ರ ಎಳೆದರೆ ಸಾಲದು. ಬ್ಯಾಣವೂ ಕಾನೂ ಕೂಡುವ ಕಡೆ, ಶಿವರಾತ್ರಿಗೆ ಮುಂಚೆಯೇ ದರಕು ಸರಿಸಿ ಹಾದಿ ಬಿಡಿಸಬೇಕು. ಸುಟ್ಟ ಜಾಗಕ್ಕೆ ದನ ಬಿಡದೆ ಕೆಲವು ವರ್ಷ ಕಾದರೆ, ಉಳಿದ ತಾಯಿಮರಗಳ ಬೀಜ ಮತ್ತೆ ಅಲ್ಲಿ ನೆಲ ಹಿಡಿಯಬಹುದು.