ಭಾವಕ್ಕೆ ಮಾತು: ಕನ್ನಡದ ಮಕ್ಕಳಿಗೆ ಇಂಗ್ಲಿಷಿನ ಭಾವಪದಗಳು

(ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಇಂಗ್ಲಿಷ್ ಪಾಠದ ಕುರಿತು ಮಾತನಾಡಲು ನಿಂತಿರುವ ನಾನು ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಮಕ್ಕಳಿಗೆ ‘ನನ್ನ ಮನೆ’ ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಲು ಹೇಳಿದ್ದೆ. ಆಗಷ್ಟೇ ಅಜ್ಜಿಯನ್ನು ಕಳೆದುಕೊಂಡಿದ್ದ ಹುಡುಗಿಯೊಬ್ಬಳು ಕೊನೆಯ ವಾಕ್ಯವಾಗಿ ‘ಐ ಆಮ್ ಸ್ಯಾಡ್’ ಎಂದು ಬರೆದಳು. ಅದು ಸಾಲದೆಂದು ತೋರಿತೇನೋ, ಕೆಳಗೆ ಕನ್ನಡದಲ್ಲಿ ‘ಅಜ್ಜಿ ಇಲ್ಲದೆ ಮನೆ ಬಿಕೋ ಅನ್ನುತ್ತದೆ’ ಎಂದು ಸೇರಿಸಿದಳು. ನಾನು ಆ ಸಾಲಿಗೆ ಕೆಂಪು ಗೆರೆ ಎಳೆದೆ. ಆ ಪುಟದಲ್ಲಿ ಜೀವವಿದ್ದದ್ದು ಆ ಒಂದು ಸಾಲಿನಲ್ಲಿಯೇ ಎಂಬುದು ನನಗೆ ಹೊಳೆದದ್ದು ತಡವಾಗಿ.

ಅಂದು ನಾನು ಮಾಡಬೇಕಾಗಿದ್ದ ಕೆಲಸ ಬೇರೆಯೇ ಇತ್ತು. ‘ದಿ ಹೌಸ್ ಫೀಲ್ಸ್ ಎಂಪ್ಟಿ ವಿದೌಟ್ ಹರ್’ ಎಂದು ಅವಳಿಗೆ ಹೇಳಿಕೊಡಬಹುದಿತ್ತು. ‘ಐ ಮಿಸ್ ಹರ್’ ಎಂಬ ಮೂರು ಪದಗಳನ್ನಾದರೂ ಕೊಡಬಹುದಿತ್ತು. ಈ ‘ಮಿಸ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದವಿಲ್ಲ. ನಾವು ‘ನೆನಪಾಗುತ್ತದೆ’ ಎನ್ನುತ್ತೇವೆ, ‘ಅವರಿಲ್ಲದ್ದು ಕಾಡುತ್ತದೆ’ ಎನ್ನುತ್ತೇವೆ. ಭಾವಪದಗಳನ್ನು ಪಟ್ಟಿಯಿಂದ ಕಲಿಸಲಾಗದು. ಮಗುವಿನಲ್ಲಿ ಈಗಾಗಲೇ ಇರುವ ಕನ್ನಡದ ಭಾವದಿಂದಲೇ ಆ ಪಾಠ ಹೊರಡಬೇಕು. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ವಾಕ್ಯರಚನೆಯನ್ನು ನೋಡೋಣ. ‘ನನಗೆ ಕೋಪ ಬಂತು’ ಎನ್ನುವಾಗ ಕೋಪವೇ ಕರ್ತೃ. ಅದು ನನ್ನೆಡೆಗೆ ಬರುತ್ತದೆ. ನಮ್ಮ ನೆರೆಯ ಭಾಷೆಗಳದೂ ಇದೇ ಕ್ರಮ: ಮಲಯಾಳದಲ್ಲಿ ‘ಎನಿಕ್ಕು ದೇಷ್ಯಂ ವನ್ನು’, ತೆಲುಗಿನಲ್ಲಿ ‘ನಾಕು ಕೋಪಂ ವಚ್ಚಿಂದಿ’, ಮರಾಠಿಯಲ್ಲಿ ‘ಮಲಾ ರಾಗ್ ಆಲಾ’. ಇಂಗ್ಲಿಷಿನಲ್ಲಿ ಮಾತ್ರ ‘ಐ ಆಮ್ ಆಂಗ್ರಿ’. ಅಲ್ಲಿ ಕೋಪ ಬರುವುದಿಲ್ಲ, ನಾನೇ ಕೋಪಗೊಂಡವನಾಗಿರುತ್ತೇನೆ. ಗಡಿನಾಡಿನ ಮಗುವಿಗೆ ಎರಡು ಮೂರು ಭಾಷೆಗಳ ಪರಿಚಯವಿರುವುದರಿಂದ ಈ ವ್ಯತ್ಯಾಸವನ್ನು ಹೋಲಿಸಿ ತೋರಿಸಿದರೆ ಅದು ಬೇಗ ಗ್ರಹಿಸುತ್ತದೆ. ವಿಭಕ್ತಿಯ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ. ‘ಅವನ ಮೇಲೆ ಕೋಪ’ ಎಂಬುದರ ಬಲದಿಂದ ಮಕ್ಕಳು ‘ಆಂಗ್ರಿ ಆನ್ ಹಿಮ್’ ಎನ್ನುತ್ತಾರೆ. ಆಗಬೇಕಾದದ್ದು ‘ಆಂಗ್ರಿ ವಿದ್ ಹಿಮ್’. ಆದುದರಿಂದ ‘ಅಫ್ರೇಡ್ ಆಫ್’, ‘ಪ್ರೌಡ್ ಆಫ್’, ‘ವರೀಡ್ ಅಬೌಟ್’ ಎಂಬಂತೆ ಭಾವಪದವನ್ನು ಅದರ ಜೊತೆಗಾರ ಪದದೊಂದಿಗೇ ಕಲಿಸಬೇಕು.

ಎರಡನೆಯ ತೊಡಕು ‘ಬೋರ್ಡ್’ ಮತ್ತು ‘ಬೋರಿಂಗ್’ ನಡುವಿನದು. ಬೇಸರಗೊಂಡ ಹುಡುಗ ‘ಐ ಆಮ್ ಬೋರಿಂಗ್’ ಎಂದರೆ, ತಾನೇ ಇತರರಿಗೆ ಬೇಸರ ತರುವವನು ಎಂದು ಹೇಳಿಕೊಂಡಂತಾಗುತ್ತದೆ. ಭಾವ ಹುಟ್ಟಿಸುವುದು ‘ಇಂಗ್’, ಭಾವ ಹೊಂದುವವರು ‘ಎಡ್’ ಎಂಬ ಒಂದು ಸೂತ್ರ ಸಾಕು: ಪಾಠ ‘ಬೋರಿಂಗ್’, ಕೇಳುವವನು ‘ಬೋರ್ಡ್’.

ಇನ್ನು ನುಡಿಗಟ್ಟುಗಳು. ಇಲ್ಲಿ ನಮ್ಮ ಕಾವ್ಯಮೀಮಾಂಸೆಯೇ ನೆರವಿಗೆ ಬರುತ್ತದೆ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಇವೆಲ್ಲವೂ ಮನಸ್ಸಿನ ಭಾವ ಮೈಯಲ್ಲಿ ತೋರುವ ಬಗೆಗಳು. ಇಂಗ್ಲಿಷಿನ ಅನೇಕ ಭಾವ ನುಡಿಗಟ್ಟುಗಳನ್ನು ಇದೇ ಕ್ರಮದಲ್ಲಿ ಜೋಡಿಸಬಹುದು. ಕಲ್ಲಾಗಿ ನಿಂತವನು ‘ರೂಟೆಡ್ ಟು ದಿ ಸ್ಪಾಟ್’. ಭಯದಿಂದ ಬೆವರಿದರೆ ‘ಎ ಕೋಲ್ಡ್ ಸ್ವೆಟ್’. ಮೈ ನವಿರೆದ್ದರೆ ‘ಗೂಸ್‌ಬಂಪ್ಸ್’. ನಾವು ಎದ್ದು ನಿಂತ ಕೂದಲನ್ನು ನೋಡಿದೆವು, ಅವರು ಗರಿ ಕಿತ್ತ ಹೆಬ್ಬಾತಿನ ಚರ್ಮವನ್ನು ನೆನೆದರು. ದುಃಖದಿಂದ ಗಂಟಲು ಕಟ್ಟಿದರೆ ‘ಎ ಲಂಪ್ ಇನ್ ದಿ ಥ್ರೋಟ್’. ಗಡಗಡ ನಡುಗಿದರೆ ‘ಶೇಕಿಂಗ್ ಲೈಕ್ ಎ ಲೀಫ್’. ಮುಖ ಬಿಳಿಚಿಕೊಂಡರೆ ‘ಟರ್ನ್ಡ್ ಪೇಲ್’. ಅಳು ಒತ್ತರಿಸಿ ಬಂದರೆ ‘ಬರ್ಸ್ಟ್ ಇಂಟು ಟಿಯರ್ಸ್’. ಮೂರ್ಛೆ ಹೋದರೆ ‘ಪಾಸ್ಡ್ ಔಟ್’. ಕಾಸರಗೋಡಿನ ಮಗು ಯಕ್ಷಗಾನದಲ್ಲಿ, ರಾಯದುರ್ಗದ ಮಗು ಬಯಲಾಟದಲ್ಲಿ ಇವನ್ನೆಲ್ಲ ಕಣ್ಣಾರೆ ಕಂಡಿರುತ್ತದೆ. ತರಗತಿಯಲ್ಲಿ ಒಬ್ಬನು ಅಭಿನಯಿಸಲಿ, ಒಬ್ಬನು ಕನ್ನಡದಲ್ಲಿ ಹೇಳಲಿ, ಇನ್ನೊಬ್ಬನು ಇಂಗ್ಲಿಷಿನಲ್ಲಿ ಹೇಳಲಿ.

ಆದರೆ ಎಲ್ಲವೂ ಹೀಗೆ ಹೊಂದಿಕೊಳ್ಳುವುದಿಲ್ಲ ಎಂಬ ಎಚ್ಚರವೂ ಬೇಕು. ಕನ್ನಡದಲ್ಲಿ ಅಸೂಯೆ ಹೊಟ್ಟೆಯ ಕಿಚ್ಚು. ಇಂಗ್ಲಿಷಿನಲ್ಲಿ ಅದು ‘ಗ್ರೀನ್ ವಿದ್ ಎನ್ವಿ’, ಹಸಿರು ಬಣ್ಣದ್ದು. ‘ಮೈ ಸ್ಟಮಕ್ ಈಸ್ ಬರ್ನಿಂಗ್’ ಎಂದ ಮಗುವಿಗೆ ಔಷಧಿಯ ಮಾತ್ರೆ ಸಿಕ್ಕೀತು! ನಮ್ಮ ಹಿರಿಯರು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತಾರೆ. ಬಿಸಿಲ ನಾಡಿಗೆ ತಂಪೇ ಸುಖ. ಚಳಿಯ ನಾಡಿನ ಭಾಷೆಯಲ್ಲಿ ಪ್ರೀತಿಯ ಸ್ವಾಗತ ‘ವಾರ್ಮ್’, ಆದರವಿಲ್ಲದ್ದು ‘ಕೋಲ್ಡ್’. ‘ಕೋಲ್ಡ್ ಫೀಟ್’ ಎಂದರೆ ಒಪ್ಪಿಕೊಂಡ ಕೆಲಸಕ್ಕೆ ಕೊನೆಯ ಗಳಿಗೆಯಲ್ಲಿ ಅಂಜಿ ಹಿಂಜರಿಯುವುದು. ಇಂತಹವುಗಳನ್ನು ಪದಶಃ ಅನುವಾದಿಸದೆ, ಅವು ಬಳಕೆಯಾಗುವ ಸಂದರ್ಭವನ್ನು ಕಥೆಯಾಗಿ ಹೇಳಿ ಕಲಿಸಬೇಕು.

ಅಭ್ಯಾಸಕ್ಕೆ ‘ಗೋವಿನ ಹಾಡು’ ಬಹಳ ಉಪಯುಕ್ತವೆಂದು ನನ್ನ ಅನುಭವ. ಹುಲಿಯ ಎದುರು ಪುಣ್ಯಕೋಟಿಗೆ ಏನನ್ನಿಸಿತು? ತಾಯಿ ಮರಳಿ ಹೊರಟಾಗ ಕರುವಿಗೆ? ಮಾತಿಗೆ ತಪ್ಪದೆ ಬಂದ ಹಸುವನ್ನು ಕಂಡ ಹುಲಿಗೆ? ಮಕ್ಕಳು ಮೊದಲು ಮನೆಮಾತಿನಲ್ಲಿ ಹೇಳಲಿ. ಬಳಿಕ ನಾವು ‘ಟೆರಿಫೈಡ್’, ‘ಹಾರ್ಟ್‌ಬ್ರೋಕನ್’, ‘ಅಶೇಮ್ಡ್ ಆಫ್ ಹಿಮ್‌ಸೆಲ್ಫ್’ ಎಂಬ ಪದಗಳನ್ನು ಕೊಡೋಣ. ‘ಅನೋಯ್ಡ್’, ‘ಆಂಗ್ರಿ’, ‘ಫ್ಯೂರಿಯಸ್’ ಎಂಬ ಏರುಕ್ರಮವನ್ನು ಅಸಮಾಧಾನ, ಸಿಟ್ಟು, ರೋಷಗಳ ಪಕ್ಕದಲ್ಲಿ ಬರೆಸೋಣ. ಕಥೆಯ ಪಾತ್ರವನ್ನು ಆಯ್ದುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಗುವಿನ ಸ್ವಂತ ದುಃಖವನ್ನು ಎಲ್ಲರೆದುರು ಓದಿಸುವ ಹಕ್ಕು ನಮಗಿಲ್ಲ. ಅದಾಗಿಯೇ ಬರೆದು ಕೊಟ್ಟರೆ ಗೌರವದಿಂದ ಓದಬೇಕು.

ಮಿತ್ರರೇ, ನಮ್ಮ ಶಾಲೆಗಳಿಂದ ಹೊರಟ ಮಕ್ಕಳಲ್ಲಿ ಅನೇಕರು ನಾಳೆ ಕನ್ನಡ ಕೇಳಿಸದ ಕಾಲೇಜುಗಳಲ್ಲಿ, ವಸತಿನಿಲಯಗಳಲ್ಲಿ ಒಂಟಿಯಾಗಿರುತ್ತಾರೆ. ಅಲ್ಲಿ ಭಯವಾದಾಗ, ಅವಮಾನವಾದಾಗ ಅದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲು ‘ಹ್ಯಾಪಿ’, ‘ಸ್ಯಾಡ್’ ಎಂಬ ಎರಡೇ ಪದಗಳು ಅವರ ಬಳಿಯಿದ್ದರೆ ಹೇಗೆ? ಅವರಿಗೆ ಇಂಗ್ಲಿಷಿನ ಭಾವಪದಗಳನ್ನು ಧಾರಾಳವಾಗಿ ಕೊಡೋಣ. ಆದರೆ ‘ಮನೆ ಬಿಕೋ ಅನ್ನುತ್ತದೆ’ ಎಂದು ಬರೆಯಬಲ್ಲ ಮಗುವಿನ ಆ ಸಾಲಿಗೆ ಇನ್ನು ಮುಂದೆ ಕೆಂಪು ಗೆರೆ ಎಳೆಯದಿರೋಣ. ಅದರ ಪಕ್ಕದಲ್ಲಿಯೇ ಇಂಗ್ಲಿಷಿನ ಸಾಲನ್ನೂ ಬರೆದುಕೊಡೋಣ.