ಸಾಲ ತೀರಿದ ಮಾರನೆಯ ದಿನ

(ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬದಂದು ವಾಲ್ಪಾರೈಯಲ್ಲಿ ಕೂಡಿದ ಎಸ್ಟೇಟ್ ಕುಟುಂಬಗಳ ಸಭೆಯಲ್ಲಿ ಉಪದೇಶಿಯೊಬ್ಬರು ಆಡಿದ ಮಾತುಗಳು)



ಸಾಲ ಮಾಡಬೇಡಿರಿ ಎಂದು ಹೇಳುವುದು ಸುಲಭ. ಮಗುವಿಗೆ ಜ್ವರ ಏರಿ, ರಾತ್ರಿಯಲ್ಲಿ ಜೀಪು ಹಿಡಿದು ನಲವತ್ತು ತಿರುವು ಇಳಿದು ಪೊಳ್ಳಾಚಿಗೆ ಓಡಬೇಕಾದಾಗ ಆ ಉಪದೇಶ ಯಾರ ಕಿವಿಗೂ ಬೀಳುವುದಿಲ್ಲ. ಆದಕಾರಣ ಇವತ್ತು ಆ ಮಾತು ಬಿಟ್ಟು ಬೇರೆ ಮಾತು ಎತ್ತಿಕೊಂಡಿದ್ದೇನೆ. ಸಾಲ ತೀರಿತು ಎಂದಿಟ್ಟುಕೊಳ್ಳಿ. ದೇವರ ದಯೆಯಿಂದಲೂ ನಿಮ್ಮ ಕೈಬೆರಳಿನ ಕಷ್ಟದಿಂದಲೂ ಕಡೆಯ ಕಂತು ಕಟ್ಟಿ ಲೈನ್ ಮನೆಗೆ ಬಂದು ಮಲಗಿದಿರಿ. ಮಾರನೆಯ ದಿನ ಎದ್ದು ಏನು ಮಾಡುವಿರಿ?

ಹಲವರು ಮಾಡುವುದನ್ನು ನಾನು ಕಂಡಿದ್ದೇನೆ. ಸ್ತೋತ್ರದ ಪೂಜೆ ಹೇಳಿಸುತ್ತಾರೆ, ಅದು ಒಳ್ಳೆಯದೇ. ಪೂಜೆ ಆದ ಮೇಲೆ ಲೈನಿಗೆಲ್ಲ ಬಿರಿಯಾನಿ ಹಾಕುತ್ತಾರೆ. ಆ ಕೋಳಿಗೂ ಅಕ್ಕಿಗೂ ಪೇಟೆಯ ಅಂಗಡಿಯಲ್ಲಿ ಬಾಕಿ ಬರೆಸಿ ಬರುತ್ತಾರೆ!

ಅರಸುಗಳ ಎರಡನೆಯ ಪುಸ್ತಕ, ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕಥೆ ಇದೆ. ಗಂಡ ಸತ್ತಿದ್ದಾನೆ. ಸಾಲಗಾರನು ಬಾಗಿಲಿಗೆ ಬಂದು, ಹಣವಿಲ್ಲದಿದ್ದರೆ ನಿನ್ನ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯುತ್ತೇನೆ ಎನ್ನುತ್ತಾನೆ. ಮನೆಯಲ್ಲಿ ಇರುವುದು ಒಂದು ಮೊಗೆ ಎಣ್ಣೆ ಮಾತ್ರ. ಎಲೀಷ ಪ್ರವಾದಿ ಹೇಳಿದಂತೆ ಆಕೆ ನೆರೆಹೊರೆಯವರ ಬರಿಯ ಪಾತ್ರೆಗಳನ್ನು ಕೇಳಿ ತಂದು, ಬಾಗಿಲು ಮುಚ್ಚಿ, ಎಣ್ಣೆ ಸುರಿದಳು; ಪಾತ್ರೆಗಳೆಲ್ಲಾ ತುಂಬಿದವು. ಇಷ್ಟು ನಿಮಗೆಲ್ಲ ಗೊತ್ತು. ಆದರೆ ಮುಂದಿನದನ್ನು ನಾವು ಓದಿ ಬಿಟ್ಟುಬಿಡುತ್ತೇವೆ. ಪಾತ್ರೆ ತುಂಬಿದ ಮೇಲೂ ಆಕೆ ತನಗೆ ತೋಚಿದಂತೆ ಮಾಡಲಿಲ್ಲ, ಹಿಂದಿರುಗಿ ಬಂದು ಪ್ರವಾದಿಯನ್ನು ಕೇಳಿದಳು. ಆತನು ಎರಡು ಮಾತು ಹೇಳಿದನು: ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಿಂದ ನೀನೂ ನಿನ್ನ ಮಕ್ಕಳೂ ಜೀವನ ಮಾಡಿರಿ. ನಾವು ಮೊದಲನೆಯ ಮಾತಿಗೇ ನಿಂತುಬಿಡುತ್ತೇವೆ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಎರಡನೆಯ ಮಾತಿನ ಮೇಲೆ.

ಅದಕ್ಕೂ ಮುಂಚೆ ಒಂದು ಕೆಲಸವಿದೆ. ಸಾಲ ತೀರುವುದು ಹಣ ಕೊಟ್ಟ ದಿನವಲ್ಲ, ಕಾಗದ ಕೈಗೆ ಬಂದ ದಿನ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆಯುವಾಗ, ನಮ್ಮ ಮೇಲಿದ್ದ ಸಾಲದ ಪತ್ರವನ್ನು ಕ್ರಿಸ್ತರು ಅಳಿಸಿ ಶಿಲುಬೆಗೆ ಮೊಳೆ ಹೊಡೆದರು ಎಂಬ ಅರ್ಥದ ಮಾತು ಹೇಳುತ್ತಾರೆ. ಪತ್ರ ಉಳಿದಿದ್ದರೆ ಸಾಲವೂ ಉಳಿದಂತೆ ಎಂಬುದು ಪೌಲರಿಗೆ ತಿಳಿದಿತ್ತು. ನನಗೆ ತಿಳಿದಿರಲಿಲ್ಲ.

ನನ್ನ ತಂಗಿಯ ಮದುವೆಗೆಂದು ಒಬ್ಬರ ಹತ್ತಿರ 20,000 ರೂಪಾಯಿ ತಂದು ಪ್ರೋನೋಟಿಗೆ ಸಹಿ ಹಾಕಿದ್ದೆ. ಅಸಲು ಬಡ್ಡಿ ಎಲ್ಲ ಕಟ್ಟಿದೆ. ಕಡೆಯ ದಿನ ಅವರು, “ನೋಟು ಊರಿನ ಮನೆಯಲ್ಲಿದೆ ತಮ್ಮಾ, ಮುಂದಿನ ಸಾರಿ ತಂದುಕೊಡುತ್ತೇನೆ” ಎಂದರು. ದೊಡ್ಡವರು, ಹೇಗೆ ಒತ್ತಾಯ ಮಾಡುವುದು ಎಂದು ಸುಮ್ಮನಾದೆ. ಅವರು ತೀರಿಕೊಂಡರು. ಎರಡು ವರ್ಷದ ಮೇಲೆ ಅವರ ಮಗ ಅದೇ ನೋಟು ಹಿಡಿದು ಬಂದ. ಪ್ರೋನೋಟಿನ ಆಯುಸ್ಸು ಮೂರು ವರ್ಷ ಎಂದು ನೀವು ಕೇಳಿರುತ್ತೀರಿ. ಆದರೆ ಅದರ ಬೆನ್ನ ಮೇಲೆ ಇಂಥ ದಿನ ಇಷ್ಟು ಕಟ್ಟಿದೆ ಎಂದು ಬರೆದು ನಾವು ಸಹಿ ಹಾಕಿದರೆ, ಆ ದಿನದಿಂದ ಮತ್ತೆ ಮೂರು ವರ್ಷ ಲೆಕ್ಕ. ನನ್ನ ಸಹಿ ಅಲ್ಲಿತ್ತು. ರಸೀತಿ ಒಂದೂ ಇರಲಿಲ್ಲ. 8,000 ಕೊಟ್ಟು ಕಾಗದ ಬಿಡಿಸಿಕೊಂಡೆ. ಊರವರಿಗೆಲ್ಲ ಯೂನಿಯನ್ನಿನಲ್ಲಿ ಅರ್ಜಿ ಬರೆದುಕೊಡುವವನು ನಾನು! ನನ್ನ ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ಆದ್ದರಿಂದ ಕಡೆಯ ಕಂತನ್ನು ಒಬ್ಬರೇ ಹೋಗಿ ಕಟ್ಟಬೇಡಿರಿ, ಓದುಬರಹ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ನೋಟು ಕೈಗೆ ಬಂದೊಡನೆ ಹರಿದು ಬಿಸಾಡಬೇಡಿ. ಅದರ ಮೇಲೆಯೇ ‘ಅಸಲು ಬಡ್ಡಿ ಪೂರಾ ಸಂದಿದೆ’ ಎಂದು ತಾರೀಖು ಸಮೇತ ಬರೆಸಿ, ಸಹಿ ಹಾಕಿಸಿ, ಪೆಟ್ಟಿಗೆಯಲ್ಲಿ ಇಡಿ. ಬರಿಯ ಸ್ಟಾಂಪ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರೆ ಅದೂ ಬರಬೇಕು. ಏಟಿಎಂ ಕಾರ್ಡನ್ನು ಅಡವಿಟ್ಟವರು ಕಾರ್ಡನ್ನು ತಂದು, ಅದೇ ದಿನ ಗುಟ್ಟಿನ ನಂಬರನ್ನೂ ಬದಲಿಸಿರಿ. ಬ್ಯಾಂಕಿನ ಸಾಲವಾದರೆ ಬಾಕಿ ಇಲ್ಲವೆಂಬ ಪತ್ರ ಕೇಳಿ. ಊರಿನ ಮನೆಯ ಪತ್ರ ಬ್ಯಾಂಕಿನಲ್ಲಿದ್ದರೆ ಸಾಲ ಪೂರಾ ತೀರಿದ 30 ದಿನದೊಳಗೆ ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿದೆ. ಕೇಳುವುದಕ್ಕೆ ನಾಚಿಕೆ ಬೇಡ. 1976ರಲ್ಲಿ ಜೀತ ಪದ್ಧತಿಯನ್ನು ತೆಗೆದ ಕಾನೂನು ಕೂಡ ಜೀತಗಾರನ ಸಾಲ ರದ್ದು ಎಂದು ಹೇಳಿ ಸುಮ್ಮನಾಗಲಿಲ್ಲ, ಆ ಸಾಲಕ್ಕಾಗಿ ಅವನು ಅಡವಿಟ್ಟದ್ದನ್ನೂ ಬಿಟ್ಟುಕೊಡಬೇಕೆಂದು ವಿಧಿಸಿತು.

ಈ ಬೆಟ್ಟದಲ್ಲಿ ಸಾಲ ಎಂಬುದು ಹಣದ ಲೆಕ್ಕವಷ್ಟೇ ಆಗಿರಲಿಲ್ಲ ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು. ನಮ್ಮ ಹಿರಿಯರು ಬಯಲಿನಿಂದ ಆನೆಮಲೆ ಹತ್ತಿದ್ದು ಕಂಗಾಣಿಯ ಮುಂಗಡದ ಮೇಲೆ. ಮುಂಗಡ ಪಡೆದವನು ಕೆಲಸ ಬಿಟ್ಟು ಹೋದರೆ ಜೈಲಿಗೆ ಹಾಕುವುದಕ್ಕೆ 1859ರ ಒಂದು ಕಾನೂನಿತ್ತು. ಅದನ್ನು ತೆಗೆದುಹಾಕುವ ಕಾಯಿದೆ ಆದದ್ದು 1925ರಲ್ಲಿ. ಇಲ್ಲಿನ ಎಸ್ಟೇಟುಗಳಲ್ಲಿ ವೈದ್ಯರಾಗಿದ್ದು ಕಾರ್ಮಿಕರನ್ನು ಸಂಘಟಿಸಿದ ಡಾಕ್ಟರ್ ಪಿ. ಎಚ್. ಡೇನಿಯಲ್ ಅವರು ಆ ಕಾಲದ ಬಾಳನ್ನು ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ 1969ರಲ್ಲಿ ಬರೆದಿಟ್ಟರು. ವರ್ಷ ಮುಗಿದರೂ ಲೆಕ್ಕ ಮುಗಿಯದೆ, ಹಳೆಯ ಸಾಲಕ್ಕೆ ಹೊಸ ಸಾಲ ಕೂಡಿ, ಬೆಟ್ಟ ಇಳಿಯುವ ದಾರಿಯೇ ಮುಚ್ಚಿಹೋಗುತ್ತಿತ್ತು.

ಈಗ ಕಂಗಾಣಿ ಇಲ್ಲ. ಆದರೆ ಗುಂಪು ಸಾಲದ ಕಂಪೆನಿಯ ಹುಡುಗ ಇದ್ದಾನೆ. ಕಡೆಯ ವಾರದ ಕಂತು ಕಟ್ಟಿದ ದಿನವೇ ಅವನು, “ಅಕ್ಕಾ, ನೀವು ಒಳ್ಳೆಯ ಪಾರ್ಟಿ, ಈ ಸಾರಿ ಅರವತ್ತು ಸಾವಿರ ಕೊಡುತ್ತೇವೆ” ಎಂದು ನಗುನಗುತ್ತಾ ಫಾರಂ ಮುಂದಿಡುತ್ತಾನೆ. ಅವನ ಮೇಲೆ ನನಗೆ ಕೋಪವಿಲ್ಲ, ಅವನೂ ಸಂಬಳಕ್ಕೆ ದುಡಿಯುವವನೇ. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ: ಆ ದಿನ ಸಹಿ ಹಾಕಬೇಡಿರಿ. ನೀವು ಮುಗಿಸಿದ ಸಾಲಕ್ಕೆ ವಾರಕ್ಕೆ 600 ಕಟ್ಟುತ್ತಿದ್ದಿರಿ ಅನ್ನಿ. ಆ 600 ಇಲ್ಲದೆ ಬದುಕುವುದನ್ನು ನಿಮ್ಮ ಮನೆ ಆಗಲೇ ಕಲಿತಿದೆ. ಅದನ್ನೇ ಅದೇ ವಾರ, ಅದೇ ಗಂಟೆಗೆ ತೆಗೆದಿಟ್ಟು, ತಿಂಗಳಿಗೊಮ್ಮೆ ಪೋಸ್ಟಾಫೀಸಿನ ಆರ್‌ಡಿಗೆ ಕಟ್ಟಿ. ವರ್ಷಕ್ಕೆ 31,200 ಆಗುತ್ತದೆ. ಐದು ವರ್ಷಕ್ಕೆ 1,56,000, ಬಡ್ಡಿ ಬೇರೆ. ಒಂದೆರಡು ತಿಂಗಳು ಕೈಬಿಟ್ಟರೆ ಆ ದುಡ್ಡಿಗೆ ಮನೆಯಲ್ಲೇ ನೂರು ಬಾಯಿ ಹುಟ್ಟುತ್ತವೆ. ಗಂಡಸರೇ, ಸಂಜೆ ಯಾವ ಅಂಗಡಿಯ ಮುಂದೆ ಸಾಲು ನಿಲ್ಲುತ್ತೀರಿ ಎಂದು ನಾನು ಹೇಳಬೇಕೇ?

ಜಾಮೀನಿನ ವಿಷಯ. ಸಾಲ ತೀರಿಸಿದವರ ಹೆಸರಿಗೆ ಬೆಲೆ ಬರುತ್ತದೆ, ಎಲ್ಲರೂ ಅವರ ಸಹಿ ಕೇಳಿಕೊಂಡು ಬರುತ್ತಾರೆ. ಕಾನೂನಿನಲ್ಲಿ ಸಾಲ ಪಡೆದವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವನಿಗೂ ಅಷ್ಟೇ ಹೊಣೆ. ಸ್ವಂತ ತಮ್ಮನಾದರೂ, ಆ ಹಣ ನಾನೇ ಕೊಟ್ಟುಬಿಡಬಲ್ಲೆನೇ ಎಂದು ಮೊದಲು ಕೇಳಿಕೊಳ್ಳಿ. ಕೊಡಲಾರೆನಾದರೆ ಸಹಿಯೂ ಬೇಡ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ನಮ್ಮ ತಲೆಯ ಮೇಲಿರುವ ಸೂರು ನಮ್ಮದಲ್ಲ. ಬಯಲಿನ ಕೂಲಿಗಾರನು ಮುದುಕನಾದರೆ ತನ್ನ ಗುಡಿಸಿಲಿನಲ್ಲಾದರೂ ಸಾಯುತ್ತಾನೆ. ನಾವು ಕೆಲಸದಿಂದ ನಿಂತರೆ ಲೈನ್ ಮನೆಯ ಬೀಗದ ಕೈ ಹಿಂದಕ್ಕೆ ಕೊಡಬೇಕು. ಪಿಎಫ್ ಬರುತ್ತದೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಬರುತ್ತದೆ. ಆ ಮೊತ್ತ ಬರುವ ಸುದ್ದಿ ಸಾಲ ಕೊಟ್ಟವನಿಗೆ ನಮಗಿಂತ ಮುಂಚೆ ತಿಳಿದಿರುತ್ತದೆ. ಮೂವತ್ತು ವರ್ಷ ಎಲೆ ಕಿತ್ತ ಒಬ್ಬ ಅಮ್ಮನಿಗೆ ಹಣ ಬಂದ ವಾರವೇ ಎಲ್ಲ ಸಾಲ ತೀರಿತು. ಅಮ್ಮ ಸಂತೋಷದಿಂದ ಅತ್ತಳು. ಆಮೇಲೆ ಎಣಿಸಿದರೆ ಕೈಯಲ್ಲಿ 11,000 ಉಳಿದಿತ್ತು. ಈಗ ತಿರುಪ್ಪೂರಿನಲ್ಲಿ ಬನಿಯನ್ ಕಂಪೆನಿಗೆ ಹೋಗುವ ಮಗನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಸೊಸೆಯ ಮುಖ ನೋಡಿಕೊಂಡು ಇದ್ದಾಳೆ. ಸಾಲ ಒಂದು ಪೈಸೆಯೂ ಇಲ್ಲ.

ಎಲೀಷನು ಹೇಳಿದ ‘ಉಳಿದದ್ದು’ ಎಂದರೆ ಇದು. ಸಾಲವನ್ನು ಮೈಯಲ್ಲಿ ಶಕ್ತಿ ಇರುವಾಗಲೇ ತೀರಿಸಿ, ಪಿಎಫ್ ಗ್ರಾಚ್ಯುಟಿಯನ್ನು ಸೂರಿಗೆಂದೇ ಮುಟ್ಟದೆ ಇಡುವುದಾದರೆ, ಬೆಟ್ಟ ಇಳಿದ ಮೇಲೆ ಎರಡು ಸೆಂಟು ಜಾಗವಾದರೂ ಆದೀತು. ಗಂಡ ಹೆಂಡತಿ ಇಬ್ಬರೂ ಕೂತು, ನಿವೃತ್ತಿಗೆ ಇನ್ನೆಷ್ಟು ವರ್ಷ ಇದೆ ಎಂದು ಇವತ್ತು ರಾತ್ರಿಯೇ ಎಣಿಸಿರಿ. ಪಿಎಫ್ ಪುಸ್ತಕದಲ್ಲಿ ಹೆಸರು, ಹುಟ್ಟಿದ ತಾರೀಖು ಆಧಾರಿನಲ್ಲಿ ಇರುವಂತೆಯೇ ಇದೆಯೋ, ವಾರಸುದಾರರ ಹೆಸರು ಬರೆಸಿದೆಯೋ ನೋಡಿ. ಒಂದಕ್ಷರ ತಪ್ಪಿದ್ದಕ್ಕೆ ಕೊಯಮತ್ತೂರಿನ ಆಫೀಸಿಗೆ ಎಂಟು ಸಾರಿ ಅಲೆದವರು ಈ ಸಭೆಯಲ್ಲೇ ಕೂತಿದ್ದಾರೆ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಮಧ್ಯಾಹ್ನದವರೆಗೆ ನಾನು ಚರ್ಚಿನ ಹಿಂದಿನ ಕೋಣೆಯಲ್ಲಿ ಇರುತ್ತೇನೆ. ಪಿಎಫ್ ಕಾಗದ, ಗುಂಪಿನ ಸಾಲದ ಕಾರ್ಡು, ಹಳೆಯ ನೋಟು, ಏನಿದ್ದರೂ ತನ್ನಿ. ಓದಿ ಹೇಳುತ್ತೇನೆ. ಕನ್ನಡಕ ಮರೆತು ಬರಬೇಡಿರಿ, ಸಹಿ ಹಾಕುವವರು ನೀವು.